ಒಬ್ಬೊಬ್ಬ ಚಿಕ್ಕತ್ತೆಗೂ ಹತ್ತು ಹೆಜ್ಜೆ ಹಿಂದೆ

ಫೋಟೋ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಶಿಕಾರಿಪುರ, ಸೊರಬ ಎರಡೂ ತಾಲೂಕು ಸೇರಿಸಿದರೆ ಹೆಚ್ಚೆಂದರೆ ಇಬ್ಬರು ಇದ್ದಾರು ಎಂಬುದು ಕಳೆದ ಜನವರಿಯವರೆಗೆ ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಆ ಇಬ್ಬರೂ ನನ್ನ ಸ್ನೇಹಿತರೇ. ಒಬ್ಬರು ಶಿಕಾರಿಪುರದಲ್ಲಿ ಗಡಿಯಾರ ರಿಪೇರಿ ಮಾಡುವ ಇಕ್ಬಾಲ್ ಸಾಹೇಬರು, ಇನ್ನೊಬ್ಬರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಚನ್ನಬಸಪ್ಪನವರು. ನನ್ನದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಸಂಜೆ ಸಾಹೇಬರ ಅಂಗಡಿಯ ಬೆಂಚಿನ ಮೇಲೆ ನಾವು ಮೂವರು ಕೂತೆವೆಂದರೆ ಯಾವ ಲೆನ್ಸು ಒಳ್ಳೆಯದು, ಯಾವ ಟ್ರೈಪಾಡಿನ ಕಾಲು ಗಟ್ಟಿ, ಗುಡವಿಗೆ ಎಷ್ಟು ಗಂಟೆಗೆ ಹೊರಟರೆ ಹಕ್ಕಿ ಸಿಗುತ್ತವೆ, ಬಂದಳಿಕೆಯ ಗುಡಿಯ ಕಂಬಗಳ ಮೇಲೆ ಬಿಸಿಲು ಯಾವಾಗ ಚೆನ್ನಾಗಿ ಬೀಳುತ್ತದೆ, ಎಲ್ಲವೂ ತೀರ್ಮಾನವಾಗಿಬಿಡುತ್ತಿತ್ತು. ಹೊರಡುವುದೊಂದು ಮಾತ್ರ ಆಗುತ್ತಿರಲಿಲ್ಲ!

ನನ್ನ ಹತ್ತಿರ ಮೊದಲು ಕ್ಯಾಮೆರಾದ ಜೊತೆಗೇ ಬಂದ ಒಂದು ಪುಟ್ಟ ಲೆನ್ಸಿತ್ತು. ಅದನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿ.

"ಅದನ್ನ ಮೊದ್ಲು ಮಾರಿಬಿಡ್ರಿ. ಅದು ಮದುವೆ ಮನೆಯೋರಿಗೆ. ನಾವು ಹಕ್ಕಿಯೋರು! ತಗಂಡ್ರೆ ದೊಡ್ಡದನ್ನೇ ತಗಳ್ಳಿ" ಎಂದರು.

ಇಕ್ಬಾಲ್ ಸಾಹೇಬರು ಗಡಿಯಾರದಿಂದ ತಲೆ ಎತ್ತದೆ, "ಚಿಕ್ಕದೂ ಒಂದಿರ್ಲಿ ಬಿಡ್ರಿ. ಮನೇಲಿ ಮನುಷ್ಯರೂ ಇರ್ತಾರಲ್ಲ" ಎಂದರು.

ಇಬ್ಬರ ಸಲಹೆಯನ್ನೂ ಕೂಲಂಕಷವಾಗಿ ಪರಿಶೀಲಿಸಿ, ತಪ್ಪು ಸಲಹೆಯನ್ನು ಆರಿಸಿಕೊಂಡೆ. ಪುಟ್ಟ ಲೆನ್ಸು ಹೋಯಿತು. ದೂರದ ಹಕ್ಕಿಯ ರೆಪ್ಪೆಯನ್ನೂ ಎಣಿಸಬಹುದಾದ ಒಂದು ಮಹಾ ಲೆನ್ಸು ಬಂತು. ತೂಕ ಮೂರು ತಿಂಗಳ ಮಗುವಿನಷ್ಟಿದ್ದರೆ ಉದ್ದ ಮೊಳಕ್ಕಿಂತ ಸ್ವಲ್ಪ ಕಡಿಮೆ. ಹೆಂಡತಿ ಗಿರಿಜಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಗಡಿ ತುಂಬ ಇರೋ ಪೈಪು ಸಾಲ್ದು ಅಂತ ಇದೊಂದು ತಂದ್ರಾ?" ಎಂದಳು. ಕಲೆಯ ಗಂಧ ಇಲ್ಲದವರ ಹತ್ತಿರ ವಾದ ಮಾಡಬಾರದೆಂದು ಲೆನ್ಸನ್ನು ಚೀಲಕ್ಕೆ ಹಾಕಿದೆ.

ಹೀಗಿರುವಾಗ ಗಿರಿಜೆಯ ತವರಿನಿಂದ ಕರೆ ಬಂತು. ಅವಳ ತವರು ಆನವಟ್ಟಿಯ ಹತ್ತಿರದ ಒಂದು ಹಳ್ಳಿ. ಅವಳ ತಮ್ಮ ಮಂಜುವಿನ ಮಗಳಿಗೆ ಭಾನುವಾರ ತೊಟ್ಟಿಲು ಕಾರ್ಯ. ಫೋನಿನಲ್ಲಿ ಮಾತಾಡಿದ್ದು ಗಿರಿಜೆಯ ಅಜ್ಜಿ. ಅವರಿಗೆ ಐದು ಜನ ಹೆಣ್ಣುಮಕ್ಕಳು. ದೊಡ್ಡವರೇ ನನ್ನ ಅತ್ತೆ. ಅಜ್ಜಿ ಇರುವುದು ಅವರ ಜೊತೆ. ಉಳಿದ ನಾಲ್ವರು ನನಗೆ ಚಿಕ್ಕತ್ತೆಯರು, ನಾಲ್ಕು ಊರಿನಲ್ಲಿದ್ದಾರೆ. ಒಬ್ಬರು ಬಂದಾಗ ಇನ್ನೊಬ್ಬರು ಇರುವುದಿಲ್ಲ. ಅದರಲ್ಲೂ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಚಿಕ್ಕತ್ತೆ ಬೆಳಿಗ್ಗೆ ಬಂದರೆ ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಡುತ್ತಾರೆ. ಅವರು ತಾಯಿಯ ಜೊತೆ ಒಂದು ರಾತ್ರಿ ಉಳಿದು ಎಷ್ಟೋ ವರ್ಷವಾಗಿತ್ತು.

"ಈ ಸಲ ಐದೂ ಹುಡುಗೇರು ಒಟ್ಟಾಗ್ತಾವಂತೆ ಕಣೇ" ಎಂದರು ಅಜ್ಜಿ. ಹುಡುಗಿಯರಲ್ಲಿ ಕಿರಿಯವಳಿಗೆ ಐವತ್ತು ದಾಟಿದೆ! "ನಾನು ನಡುವೆ ಕೂತು, ಐದೂ ಜನ ಸುತ್ತ ನಿಂತಿರೋದು ಒಂದು ಫೋಟೋ ಬೇಕು. ನಾ ಕಣ್ಮುಚ್ಚೋದ್ರೊಳಗೆ ಒಂದೇ ಒಂದು."

ನಾನು ಫೋನು ಕಿತ್ತುಕೊಂಡು, "ಅಜ್ಜಿ, ನಾನಿದ್ದೀನಲ್ಲ! ಯಾರನ್ನೂ ಕರೆಸಬೇಡಿ" ಎಂದೆ.

ಭಾನುವಾರ ಶಾಸ್ತ್ರವೆಲ್ಲ ಮುಗಿದು ಊಟವಾದಾಗ ಒಂದು ಗಂಟೆ. ಹುಬ್ಬಳ್ಳಿ ಬಸ್ಸು ಮನೆಯ ಮುಂದೆ ಹಾಯುವುದು ಎರಡಕ್ಕೆ. ಅದು ಬಿಟ್ಟರೆ ಆ ದಿನಕ್ಕೆ ಬೇರೆ ಬಸ್ಸಿಲ್ಲ. ಒಂದು ಫೋಟೋಗೆ ಒಂದು ಗಂಟೆ! ಧಾರಾಳ. ಹಜಾರದಲ್ಲಿ ಅಜ್ಜಿ ಇಳಕಲ್ ಸೀರೆಯುಟ್ಟು ಕುರ್ಚಿಯಲ್ಲಿ ಕೂತರು. ಐದು ಜನ ಸುತ್ತ ನಿಂತರು. ನಾನು ಗಂಭೀರವಾಗಿ ಚೀಲ ಬಿಚ್ಚಿ, ಪೈಪನ್ನು, ಕ್ಷಮಿಸಿ, ಲೆನ್ಸನ್ನು ಕ್ಯಾಮೆರಾಗೆ ಸಿಕ್ಕಿಸಿ, ಟ್ರೈಪಾಡಿನ ಮೇಲೆ ಕೂರಿಸಿದೆ. ನೆರೆದವರ ಬಾಯಿಂದ "ಓಹೋ" ಎಂಬ ಉದ್ಗಾರ ಹೊರಟಿತು. ಕಣ್ಣಿಟ್ಟು ನೋಡಿದೆ. ಅಜ್ಜಿಯ ಮೂಗುಬೊಟ್ಟು ಕಂಡಿತು.

ಬರೀ ಮೂಗುಬೊಟ್ಟು!

ಅಲ್ಲಿಯವರೆಗೆ ನಾನು ಆ ಲೆನ್ಸಿನಲ್ಲಿ ನಮ್ಮೂರ ಕೆರೆಯ ನೀರುಕಾಗೆ, ಬೆಳ್ಳಕ್ಕಿಗಳನ್ನಲ್ಲದೆ ಬೇರೆ ಯಾರನ್ನೂ ನೋಡಿರಲಿಲ್ಲ. ಯಾವ ಬೆಳ್ಳಕ್ಕಿಯೂ ತನ್ನ ಅಕ್ಕತಂಗಿಯರನ್ನು ಕರೆದುಕೊಂಡು ಬಂದು ಎದುರಿಗೆ ಕೂತು "ತೆಗೀರಿ" ಎಂದಿರಲಿಲ್ಲ. ಧೈರ್ಯಗೆಡದೆ ಟ್ರೈಪಾಡು ಸಮೇತ ಹಿಂದೆ ಸರಿದೆ. ಗೋಡೆ ಬಂತು. ಅಡುಗೆಮನೆಯ ಬಾಗಿಲಿನಿಂದ ಹಿಮ್ಮುಖವಾಗಿ ಒಳಗೆ ನುಗ್ಗಿದೆ. ಈಗ ಅಜ್ಜಿಯ ಮುಖ ಪೂರ್ತಿ, ಅತ್ತೆಯ ಒಂದು ಕಿವಿ. ಇನ್ನೊಂದು ಹೆಜ್ಜೆ ಇಟ್ಟೆ. ಏನೋ ತಣ್ಣಗಾಯಿತು. ಟ್ರೈಪಾಡಿನ ಒಂದು ಕಾಲು ಶ್ಯಾವಿಗೆ ಪಾಯಸದ ಪಾತ್ರೆಯಲ್ಲಿತ್ತು, ನನ್ನ ಒಂದು ಕಾಲು ಮೊಸರಿನ ಪಾತ್ರೆಯಲ್ಲಿತ್ತು.

"ಅಳಿಯಂದ್ರೇ, ಮೊಸರು ಬೇಕಿದ್ರೆ ಬಾಯಿಬಿಟ್ಟು ಕೇಳ್ಬೇಕು" ಎಂದರು ಅಡುಗೆಯವರು.

ಹೊರಗೆ ಬಂದು ಕಾಲು ತೊಳೆಯುತ್ತಲೇ ನಮ್ಮ ಮೂವರ ವಾಟ್ಸಾಪ್ ಗುಂಪಿಗೆ ತುರ್ತು ಸಂದೇಶ ಕಳಿಸಿದೆ: ಆರು ಜನ, ದೊಡ್ಡ ಲೆನ್ಸು, ಏನು ಮಾಡಲಿ? ಮೇಷ್ಟ್ರ ಉತ್ತರ ಕೂಡಲೇ ಬಂತು: "ಹಿಂದೆ ಹೋಗಿ." ಸಾಹೇಬರದು ಬಂತು: "ಇನ್ನೂ ಹಿಂದೆ." ಆಮೇಲೆ ಇಬ್ಬರೂ ಟ್ರೈಪಾಡಿನ ಕಾಲು ಅಲ್ಯೂಮಿನಿಯಂ ಆಗಿರಬೇಕೋ ಕಾರ್ಬನ್ ಆಗಿರಬೇಕೋ ಎಂಬ ಚರ್ಚೆಗೆ ಬಿದ್ದರು. ಪಾಯಸಕ್ಕೆ ಯಾವುದು ಒಳ್ಳೆಯದೆಂದು ಇಬ್ಬರೂ ಹೇಳಲಿಲ್ಲ.

ಎಲ್ಲರನ್ನೂ ಮನೆಯ ಮುಂದಿನ ಕಟ್ಟೆಗೆ ಸಾಗಿಸಿದೆ. ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಅಲ್ಲಿಂದ ಅಜ್ಜಿ ಮತ್ತು ನನ್ನ ಅತ್ತೆ ಅಚ್ಚುಕಟ್ಟಾಗಿ ಕಂಡರು. ಉಳಿದವರು? ಹತ್ತು ಹೆಜ್ಜೆ ಹಿಂದೆ ಹೋದೆ. ಕೊಯ್ಲಾದ ಗದ್ದೆ. ಒಬ್ಬ ಚಿಕ್ಕತ್ತೆ ಬಂದರು. ಇನ್ನೂ ಹತ್ತು ಹೆಜ್ಜೆಗೆ ಇನ್ನೊಬ್ಬ ಚಿಕ್ಕತ್ತೆ. ಲೆಕ್ಕ ಸಿಕ್ಕಿತು: ಒಬ್ಬೊಬ್ಬ ಚಿಕ್ಕತ್ತೆಗೂ ಹತ್ತು ಹೆಜ್ಜೆ! ನಾಲ್ವರೂ ಚೌಕಟ್ಟಿನೊಳಗೆ ಬಂದರು ಎನ್ನುವಷ್ಟರಲ್ಲಿ ಬಾಣಂತಿ ಮಗುವನ್ನೆತ್ತಿಕೊಂಡು ಬಂದಳು. ಅವಳ ಹಿಂದೆ ನನ್ನ ಮಾವ ಬಂದರು. ಮಾವ ಬಂದಮೇಲೆ ಅವರ ತಮ್ಮಂದಿರನ್ನು ಬೇಡವೆನ್ನಲಾದೀತೇ? ನಾನು ಹಿಂದೆ ಹೋಗುತ್ತಲೇ ಇದ್ದೆ. ಕೊನೆಗೆ ಕಾಲಿಗೆ ಏರು ಸಿಕ್ಕಿತು. ತಿರುಗಿ ನೋಡಿದರೆ ಕೆರೆ ಏರಿ! ಅದರ ಮೇಲೆ ಹತ್ತಿ ನಿಂತೆ. ಇಡೀ ಬಳಗ ಅಂದವಾಗಿ ಕಂಡಿತು. ಕೂಗಿದರೆ ಕೇಳಿಸುವುದಿಲ್ಲ ಎಂಬುದೊಂದೇ ಕೊರತೆ.

ಮಂಜುವಿಗೆ ಫೋನು ಮಾಡಿ ಸ್ಪೀಕರ್ ಹಾಕಿಸಿದೆ. "ಕೊನೇ ಚಿಕ್ಕತ್ತೆ ಸ್ವಲ್ಪ ಬಲಕ್ಕೆ ಸರೀಲಿ."

"ನಿಮ್ಮ ಬಲಾನಾ, ನಮ್ಮ ಬಲಾನಾ ಭಾವ?"

ಅವರು ಎಡಕ್ಕೆ ಸರಿದು ಮಾವನ ಹಿಂದೆ ಮರೆಯಾದರು. ಅಜ್ಜಿಯ ಪಕ್ಕ ಯಾರು ನಿಲ್ಲಬೇಕೆಂದು ಎರಡನೆಯವರಿಗೂ ಮೂರನೆಯವರಿಗೂ ಮಾತು ಬೆಳೆಯಿತು. "ಚಿಕ್ಕವಳಿದ್ದಾಗ್ಲಿಂದ ನೀನೇ ಅವ್ವನ ಪಕ್ಕ ಮಲಗ್ತಿದ್ದೆ, ಇವತ್ತಾದ್ರೂ ಬಿಡು!" ಎಂಬುದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಎಲ್ಲರೂ ಗೊಳ್ಳೆಂದು ನಕ್ಕರು. ನಡುವೆ ಗಿರಿಜೆಯ ದನಿ ಬಂತು.

"ರೀ, ನಾನು ಮೊಬೈಲಲ್ಲಿ ಟಕ್ ಅಂತ ತೆಗೆದುಬಿಡ್ಲಾ?"

"ಖಬರ್ದಾರ್!" ಎಂದೆ. "ಮೊಬೈಲಲ್ಲಿ ತೆಗೆದದ್ದು ಫೋಟೋ ಅಲ್ಲ!"

"ನೀವು ತೆಗೀದೆ ಇರೋದು?"

ನನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಹೆಗಲ ಮೇಲೆ ಕೆಂಪು ಟವೆಲ್ಲು ಹಾಕಿದ್ದ ರೈತರೊಬ್ಬರು ಕೈಮುಗಿದು ನಿಂತಿದ್ದರು. ಅವರ ದೃಷ್ಟಿ ನನ್ನ ಟ್ರೈಪಾಡಿನ ಮೇಲಿತ್ತು.

"ನಮಸ್ಕಾರ ಸರ್ವೆ ಸಾಹೇಬ್ರಿಗೆ. ಭಾನುವಾರನೂ ಬಂದೀರಲ್ಲ, ಪುಣ್ಯಾತ್ಮರು! ನಾನು ಹಾಲಪ್ಪ. ಈ ಗದ್ದೆ ಗಡಿ ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೆ ನೋಡ್ರಿ."

ಮೂರು ಕಾಲಿನ ಮೇಲೆ ಒಂದು ಯಂತ್ರ, ಅದರಲ್ಲಿ ಒಂದು ಕಣ್ಣಿಟ್ಟು ಇನ್ನೊಂದು ಮುಚ್ಚಿಕೊಂಡು ಗದ್ದೆಯ ಕಡೆ ನೋಡುವವನು, ಕಿವಿಯಲ್ಲಿ ಫೋನು, ಬಾಯಲ್ಲಿ "ಬಲಕ್ಕೆ, ಎಡಕ್ಕೆ, ಇನ್ನೊಂದು ಅಡಿ ಹಿಂದೆ". ಅವರ ಜಾಗದಲ್ಲಿ ನಾನಿದ್ದರೂ ಜಮೀನು ಅಳೆಯಲು ಬಂದವನೆಂದೇ ತಿಳಿಯುತ್ತಿದ್ದೆ.

"ನಾನು ಸರ್ವೆಯವನಲ್ಲ ರೀ. ಫೋಟೋ ತೆಗೀತಿದ್ದೀನಿ."

"ಯಾರ್ದು?"

"ಅಗೋ ಅಲ್ಲಿ, ನಮ್ಮ ಅಜ್ಜಿದು."

ಹಾಲಪ್ಪ ದೂರದಲ್ಲಿ ಹೆಸರುಕಾಳಿನಷ್ಟು ಕಾಣುತ್ತಿದ್ದ ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಅಕ್ಷರವನ್ನೂ ನಂಬಲಿಲ್ಲ.

ಅಷ್ಟರಲ್ಲಿ ಪಕ್ಕದ ಗದ್ದೆಯ ಫಕೀರಪ್ಪ ಓಡಿ ಬಂದರು. "ನನಗೆ ನೋಟೀಸು ಕೊಡದೆ ಅಳೆಯಂಗಿಲ್ಲ! ನನ್ನ ತಕರಾರು ಐತಿ!" ಹಾಲಪ್ಪ ಸುಮ್ಮನಿರುವ ಜೀವವಲ್ಲ. "ಕಲ್ಲು ಕಿತ್ತಾಕಿದೋನು ನೀನು!" ಎಂದರು. ಇಬ್ಬರೂ ಗದ್ದೆಗಿಳಿದು, ಹಳೆಯ ಗಡಿಕಲ್ಲು ಎಲ್ಲಿತ್ತೆಂದು ತೋರಿಸಲು ನೇರವಾಗಿ ನನ್ನ ಲೆನ್ಸಿನ ಮುಂದೆಯೇ ನಿಂತರು. "ಸಾಹೇಬ್ರೇ, ಇಲ್ಲಿ ನೋಡ್ರಿ!" "ಅಲ್ಲಲ್ಲ, ಇಲ್ಲಿ ನೋಡ್ರಿ!" ನಾನು ನೋಡಿದೆ. ಫಕೀರಪ್ಪನವರ ಮೀಸೆಯ ಒಂದೊಂದು ಕೂದಲೂ ಕಂಡಿತು.

ಫೋನಿನಲ್ಲಿ ಹುಬ್ಬಳ್ಳಿ ಚಿಕ್ಕತ್ತೆಯ ದನಿ ಏರಿತು. "ಎರಡಕ್ಕ ಐದು ನಿಮಿಷ ಐತಿ! ಏನ್ ಹತ್ಯಾರ ತಂದಾನವಾ ನಿಮ್ಮ ಅಳಿಯ?"

ಕೈಜೋಡಿಸಿ ಬೇಡಿಕೊಂಡು ಇಬ್ಬರನ್ನೂ ಪಕ್ಕಕ್ಕೆ ಸರಿಸಿದೆ. "ಇಬ್ಬರ ಹಾಜರಿಯೂ ಆಗಿದೆ, ಸ್ವಲ್ಪ ಸುಮ್ಮನಿರಿ" ಎಂದು ಸರ್ವೆ ಸಾಹೇಬರಂತೆಯೇ ಗದರಿದೆ. ಕೂಡಲೇ ಸುಮ್ಮನಾದರು. ಕಣ್ಣಿಟ್ಟೆ. ಆಹಾ! ಅಜ್ಜಿ ನಡುವೆ, ಐದೂ ಜನ ಸುತ್ತ, ಎಲ್ಲರ ಮುಖದಲ್ಲೂ ನಗು. ಫೋನಿಗೆ ಬಾಯಿಟ್ಟು ಕೂಗಿದೆ.

"ಹಾಗೇ ಇರಿ! ಯಾರೂ ಅಲ್ಲಾಡಬಾರದು! ಏನೇ ಆಗಲಿ, ನಾನು ಹೇಳುವವರೆಗೆ ಉಸಿರೂ ಬಿಡಬಾರದು!"

ಗುಂಡಿ ಒತ್ತಿ ಹಿಡಿದೆ. ಟಕಟಕಟಕ ಎಂದು ಹದಿನೇಳು ಫೋಟೋ ಬಿದ್ದವು. ಅದೇ ಹೊತ್ತಿಗೆ ನನಗೂ ಅಜ್ಜಿಗೂ ನಡುವೆ ಏನೋ ಬಂದು ನಿಂತಿತು. ಉದ್ದವಾದದ್ದು. ಕಿಟಕಿಗಳಿದ್ದದ್ದು.

ಹುಬ್ಬಳ್ಳಿ ಬಸ್ಸು!

ಯಾರನ್ನೋ ಇಳಿಸಿ, ಕಂಡಕ್ಟರು ಕಟ್ಟೆಯ ಕಡೆ ಮುಖ ಮಾಡಿ "ಹುಬ್ಬಳ್ಳಿ, ಹುಬ್ಬಳ್ಳಿ" ಎಂದು ಎರಡು ಸಲ ಕೂಗಿದ್ದು ಫೋನಿನಲ್ಲಿ ಕೇಳಿಸಿತು. ಯಾರೂ ಅಲ್ಲಾಡಲಿಲ್ಲ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಹುಬ್ಬಳ್ಳಿ ಚಿಕ್ಕತ್ತೆ ಅದೊಂದು ಸಲ ನನ್ನ ಮಾತು ಕೇಳಿದ್ದರು! ಕಂಡಕ್ಟರು ಸೀಟಿ ಊದಿದರು. ಬಸ್ಸು ಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಚಿಕ್ಕತ್ತೆ ಉಸಿರು ಬಿಟ್ಟರು. ಆ ಉಸಿರಿನ ಜೊತೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹದಿನೇಳು ಫೋಟೋಗಳನ್ನೂ ನೋಡಿದೆ. ಹದಿನೇಳರಲ್ಲೂ ಬಸ್ಸು. ಕಿಟಕಿಯ ಪ್ರಯಾಣಿಕರು ಚೆನ್ನಾಗಿ ಬಂದಿದ್ದರು. ವಾಟ್ಸಾಪ್ ಗುಂಪಿಗೆ ಒಂದನ್ನು ಕಳಿಸಿದೆ. "ಕಿಟಕಿ ಪಕ್ಕದ ಯಜಮಾನರ ಕಣ್ಣು ಎಷ್ಟು ಶಾರ್ಪು! ಲೆನ್ಸು ಅಂದ್ರೆ ಇದು!" ಎಂದು ಮೇಷ್ಟ್ರು ಮೆಚ್ಚಿಕೊಂಡರು. ಸಾಹೇಬರು ಮಾತ್ರ, "ಅಜ್ಜಿ ಎಲ್ಲಿ?" ಎಂದು ಕೇಳಿದರು.

ಗದ್ದೆಯಲ್ಲಿ ತಲೆ ತಗ್ಗಿಸಿಕೊಂಡು ವಾಪಸು ನಡೆದೆ. ಹಿಂದೆ ಹಾಲಪ್ಪ, ಅವರ ಹಿಂದೆ ಫಕೀರಪ್ಪ. ಕಟ್ಟೆಯ ಹತ್ತಿರ ಬಂದಾಗ ಮುಖ ಎತ್ತುವ ಧೈರ್ಯವಿರಲಿಲ್ಲ. ಒಬ್ಬ ಮುದುಕಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದನ್ನು ಹಾಳು ಮಾಡಿದ್ದೆ.

"ಅಜ್ಜಿ, ತಪ್ಪಾಯ್ತು. ಫೋಟೋ ಬರಲಿಲ್ಲ" ಎಂದೆ.

ಅಜ್ಜಿ ನಗುತ್ತಿದ್ದರು. ಹುಬ್ಬಳ್ಳಿ ಚಿಕ್ಕತ್ತೆಯ ಕೈ ಅವರ ಎರಡೂ ಕೈಯೊಳಗಿತ್ತು.

"ಹೋಗ್ಲಿ ಬಿಡಪ್ಪ. ಫೋಟೋ ಬಂದಿದ್ರೆ ಇವಳು ಬಸ್ ಹತ್ತಿ ಹೋಗಿರೋಳು. ಇವತ್ತು ರಾತ್ರಿ ಐದೂ ನನ್ನ ಜೊತೆ ಮಲಗ್ತಾವೆ. ಇದನ್ನ ನಾ ಕೇಳಕ್ಕೂ ಹೋಗಿರ್ಲಿಲ್ಲ ನೋಡು, ಸಿಗಲ್ಲ ಅಂತ."

ಚಿಕ್ಕತ್ತೆ ಬೈಯಲು ತೆರೆದಿದ್ದ ಬಾಯಿ ಮುಚ್ಚಿ, ಸೆರಗಿನಿಂದ ಮೂಗು ಒರೆಸಿಕೊಂಡರು. ಖಾನಾವಳಿಗೆ ಫೋನು ಮಾಡಿ, "ನಾಳಿಗೆ ಬಾಗ್ಲಾ ತೆಗೀಬ್ಯಾಡ್ರಿ" ಎಂದರು. ಸಂಜೆಯೆಲ್ಲ ಐದು ಜನವೂ ನಾನು ಗದ್ದೆಯಲ್ಲಿ ಹಿಮ್ಮುಖವಾಗಿ ನಡೆದದ್ದನ್ನು ಸರದಿಯ ಮೇಲೆ ನಡೆದು ತೋರಿಸಿದರು. ಎಲ್ಲರಿಗಿಂತ ಚೆನ್ನಾಗಿ ನಡೆದವರು ನನ್ನ ಅತ್ತೆ! ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆರು ಜನರನ್ನೂ ಆನವಟ್ಟಿಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿನವರು ಒಂದು ಪುಟ್ಟ ಲೆನ್ಸು ಹಾಕಿ, ಎರಡು ಹೆಜ್ಜೆ ಹಿಂದೆ ಹೋಗಿ, ಒಂದೇ ಏಟಿಗೆ ಮುಗಿಸಿದರು. ನನಗೂ ಕೆಲಸ ಸಿಕ್ಕಿತು. ಅಜ್ಜಿಯ ಮುಖಕ್ಕೆ ಬೆಳಕು ಬೀಳಲಿ ಎಂದು ಒಂದು ಬಿಳಿ ಥರ್ಮಕೋಲ್ ಹಲಗೆ ಕೊಟ್ಟು, "ಇದನ್ನ ಹಿಡ್ಕಂಡು ಸುಮ್ನೆ ನಿಂತ್ಕಳ್ಳಿ" ಎಂದರು. ನಾನು ಬಹಳ ಶ್ರದ್ಧೆಯಿಂದ ಹಿಡಿದುಕೊಂಡೆ.

ಫೋಟೋ ಸೊಗಸಾಗಿ ಬಂದಿದೆ. ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾರೆ. ಬಂದವರಿಗೆಲ್ಲ ಅಜ್ಜಿ ತಮ್ಮ ಐದು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸುತ್ತಾರೆ. ಎಡಗಡೆಯ ಮೂಲೆಯಲ್ಲಿ ಒಂದು ಹೆಬ್ಬೆರಳು ಕಾಣುತ್ತದೆ. ಅದು ನನ್ನದು.