ಬಸ್ಸು ಹೊರಡಿಸಿದ ಶಾಮ ಹಕ್ಕಿ

ಹಕ್ಕಿ ಸಾಕುವುದರಲ್ಲಿ ಶಿಕಾರಿಪುರದಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಐವತ್ತರ ದಶಕದ ಕೊನೆಯ ಮಾತು. ನನ್ನ ಬಟ್ಟೆ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ಅಂಗಡಿಯ ಬಾಗಿಲಲ್ಲಿ ಒಂದು ಪಂಜರ, ಪಂಜರದಲ್ಲಿ ಒಂದು ಶಾಮ ಹಕ್ಕಿ. ಕಪ್ಪು ಬೆನ್ನು, ಕಾವಿ ಬಣ್ಣದ ಹೊಟ್ಟೆ, ಮೈಗಿಂತ ಉದ್ದದ ಬಾಲ. ಸೊರಬದ ಕಡೆಯ ಬಿದಿರು ಮೆಳೆಯಲ್ಲಿ ಸುಖವಾಗಿದ್ದ ಜೀವವನ್ನು ಅಂಗಡಿಯ ಶೋಭೆಗೆಂದು ಹಿಡಿದು ತರಿಸಿದ್ದೆ. ಮುಂದಿನದೆಲ್ಲ ಅದರ ಶಾಪವೇ ಇರಬೇಕು.

ಶಾಮ ಕೇಳಿದ್ದನ್ನು ಕಲಿಯುವ ಹಕ್ಕಿ. ಕಾಡಿನಲ್ಲಿದ್ದರೆ ಬೇರೆ ಹಕ್ಕಿಗಳ ಹಾಡು ಕಲಿಯುತ್ತಿತ್ತು. ನನ್ನ ಅಂಗಡಿಯಲ್ಲಿ ಅದಕ್ಕೆ ಕೇಳಿಸುತ್ತಿದ್ದುದು ಕಂಡಕ್ಟರರ ಸೀಟಿ! ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ಹೊರಡಿಸುವುದನ್ನು ಅದು ಚೊಕ್ಕವಾಗಿ ಕಲಿಯಿತು. ನಿಲ್ಲಿಸುವುದನ್ನು ಕಲಿಯಲೇ ಇಲ್ಲ. ಅದು ಊದಿದಾಗಲೆಲ್ಲ ನಾನು ಹಿಗ್ಗಿ ಒಂದು ಮಿಡತೆ ಕೊಡುತ್ತಿದ್ದೆ.

ನನ್ನ ಹೆಂಡತಿ ಗೌರಮ್ಮನ ತವರು ಸೊರಬ. ಅವಳ ತಂಗಿಗೆ ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಈಗ ಮೂರನೆಯದು ಕೂಡಿತ್ತು. ವರನ ತಂದೆ ರುದ್ರಪ್ಪನವರು ನಮ್ಮೂರಿನ ಅಕ್ಕಿ ವ್ಯಾಪಾರಿ. ನಿಶ್ಚಯದ ವೀಳ್ಯಶಾಸ್ತ್ರ ಬುಧವಾರ, ಅಂದು ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಅವರು ಸೊರಬದಲ್ಲಿ ವೀಳ್ಯ ತೆಗೆದುಕೊಂಡರೆ ಮದುವೆ ನಿಶ್ಚಯ, ಮೀರಿದರೆ ಅದೇ ಅಪಶಕುನವೆಂದು ಎದ್ದುಹೋಗುವ ಮನುಷ್ಯ. ಅವರ ಮನೆಯವರೆಲ್ಲ ಮುಂದಾಗಿ ಹೋಗಿದ್ದರು. ವ್ಯಾಪಾರಕ್ಕೆಂದು ಉಳಿದಿದ್ದ ಅವರನ್ನು ಬಸ್ಸಿನಲ್ಲಿ ಕರೆತರುವ ಘನಕಾರ್ಯ ನನ್ನ ಪಾಲಿಗೆ ಬಂತು.

ಹಿಂದಿನ ದಿನ ತವರಿಗೆ ಹೊರಟ ಗೌರಮ್ಮ ಎಚ್ಚರಿಸಿದಳು.

“ರೀ, ಬೀಗರನ್ನ ಕರ್ಕಂಡ್ ಬನ್ನಿ, ಸಾಕು. ಬ್ಯಾರೆ ಏನೂ ತರಬ್ಯಾಡಿ.”

“ಹಕ್ಕಿ ತಂದ್ರೆ ಓಲಗದವ್ರೇ ಬ್ಯಾಡ ಕಣೇ!”

“ಅದನ್ನ ತಂದು ನೋಡಿ. ನಮ್ಮಪ್ಪ ನಿಮ್ ಕೈಲಿ ಎಂಜಲೆಲೆ ಎತ್ತಿಸ್ದೇ ಇದ್ರೆ ಕೇಳಿ!”

ನಾನು ಹಕ್ಕಿಯನ್ನೂ ತೆಗೆದುಕೊಂಡೆ.

ಬುಧವಾರ ಬೆಳಿಗ್ಗೆ ರುದ್ರಪ್ಪನವರೊಂದಿಗೆ ಬಸ್ಸು ಹತ್ತುವಾಗ ಪಂಜರಕ್ಕೆ ಬಟ್ಟೆ ಮುಚ್ಚಿದ್ದೆ. ಕತ್ತಲಲ್ಲಿ ಹಕ್ಕಿ ಸುಮ್ಮನಿರುತ್ತದೆ. ಶಿರಾಳಕೊಪ್ಪ ದಾಟಿದ ಮೇಲೆ ಇಂಜಿನ್ ಕುದಿಯತೊಡಗಿ, ನೀರು ಹಾಕಲು ಬಸ್ಸು ಒಂದು ಹಳ್ಳದ ಬಳಿ ನಿಂತಿತು. ರುದ್ರಪ್ಪನವರು “ಈಗ ಬಂದೆ” ಎಂದು ಬಿದಿರು ಮೆಳೆಯ ಹಿಂದಕ್ಕೆ ಹೋದರು. ಸಡಿಲವಾದ ಮೂಟೆ ಬಿಗಿಯಲು ಕಂಡಕ್ಟರ್ ಬಸ್ಸಿನ ತಲೆಯ ಮೇಲೆ ಹತ್ತಿದ. ಡ್ರೈವರ್ ನೀರು ಹಾಕಿ ಬಂದು ಕುಳಿತ.

ಪಕ್ಕದ ಅಜ್ಜಿ ಪಂಜರ ಮುಟ್ಟಿ ಕೇಳಿದಳು, “ಅದ್ರಾಗೆ ಏನೈತೆ ತಮ್ಮಾ? ಕೋಳಿನಾ?”

ಕೋಳಿ! ನನ್ನ ಅಭಿಮಾನಕ್ಕೆ ಪೆಟ್ಟು ಬಿತ್ತು. “ನೋಡಜ್ಜೀ” ಎಂದು ಬಟ್ಟೆ ಎತ್ತಿದೆ. ಶಾಮ ಒಮ್ಮೆ ಬಾಲ ಕುಣಿಸಿತು. ಎರಡು ಸೀಟಿ ಊದಿತು.

ಬಸ್ಸು ಹೊರಟಿತು!

“ನಿಲ್ಸಪ್ಪಾ! ನಮ್ ಬೀಗರು ಕೆಳಗದಾರೆ!” ಎಂದು ಕೂಗಿದೆ.

“ಸೀಟಿ ಬೀಳ್ಲಿ, ನಿಲ್ಲಿಸ್ತೀನಿ.” ಡ್ರೈವರ್ ತಿರುಗಿಯೂ ನೋಡಲಿಲ್ಲ. “ಕೂತೋರ ಮಾತು ಕೇಳಿ ಗಾಡಿ ಹೊಡದ್ರೆ ಊರು ಮುಟ್ಟಂಗಿಲ್ಲ.”

ನಾನು ಪಂಜರಕ್ಕೆ ಕೈ ಮುಗಿದೆ. “ಒಂದೇ ಒಂದು ಸಲ ಊದು, ನಮ್ಮಪ್ಪಾ!” ಅದು ಎರಡು ಊದಿತು. ಬಸ್ಸು ಇನ್ನೂ ಜೋರಾಯಿತು. ಮೇಲೆ ಕಂಡಕ್ಟರ್ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಾಲಿನಿಂದ ದಬದಬ ಬಡಿಯುತ್ತಿದ್ದ. “ಮೂಟೆ ಉಳ್ಳಾಡ್ತಾವೆ” ಎಂದ ಡ್ರೈವರ್. ಬಹಳ ದೂರ ಹೋದ ಮೇಲೆ ಮುಂದಿನ ಗಾಜಿನಲ್ಲಿ ಕಂಡಕ್ಟರನ ಮುಖ ತಲೆಕೆಳಗಾಗಿ ಇಳಿದು ಬಂತು. ಆಗ ಬಸ್ಸು ನಿಂತಿತು.

ಎಲ್ಲರ ಬೈಗುಳದ ನಡುವೆ ಬಸ್ಸು ಹಿಂದಿರುಗಿ ಹಳ್ಳಕ್ಕೆ ಬಂತು. ರುದ್ರಪ್ಪನವರಿಲ್ಲ! ದನ ಕಾಯುತ್ತಿದ್ದವನೊಬ್ಬ ಹೇಳಿದ, “ಎತ್ತಿನ ಗಾಡಿ ಹತ್ತಿ ಅಡ್ಡದಾರೀಲಿ ಹೋದ್ರು.”

“ಸೊರಬಕ್ಕಾ, ಶಿಕಾರಿಪುರಕ್ಕಾ?”

“ಅದು ಗೊತ್ತಿಲ್ಲ. ಯಾರನ್ನೋ ಬೈಕಂತಿದ್ರು, ಅದೊಂದು ಕೇಳಿಸ್ತು.”

ನಾದಿನಿಯ ಮೂರನೆಯ ಸಂಬಂಧವೂ ಮುರಿಯಿತೆಂದೇ ಲೆಕ್ಕ ಹಾಕಿದೆ. ಅಷ್ಟರಲ್ಲಿ ಕಂಡಕ್ಟರ್ ಪಂಜರ ತೋರಿಸಿ ಗಂಭೀರವಾಗಿ ನುಡಿದ, “ಸ್ವಾಮಿ, ಒಂದು ಬಸ್ಸಿಗೆ ಇಬ್ರು ಕಂಡಕ್ಟರ್ ಆಗಲ್ಲ. ಅವನು ಇಳೀಲಿ, ಇಲ್ಲಾ ನಾನು ಇಳೀತೀನಿ.”

ಬಸ್ಸಿನಲ್ಲಿದ್ದವರೆಲ್ಲ ಒಮ್ಮತದಿಂದ ಹಕ್ಕಿಯನ್ನು ಇಳಿಸಿದರು. ನಾನು ಕೆಳಗಿಳಿದು ಮೆಳೆಯ ಹತ್ತಿರ ಪಂಜರದ ಬಾಗಿಲು ತೆರೆದೆ. ಶಾಮ ಹಾರಿ ಬಿದಿರಿನ ಮರೆಯಲ್ಲಿ ಕುಳಿತಿತು. ಎರಡು ಸೀಟಿ ಕೇಳಿಸಿತು.

ಬಸ್ಸು ಹೊರಟೇಹೋಯಿತು!

ಖಾಲಿ ಪಂಜರ ಹೊತ್ತು, ನಡೆದು ಸೊರಬ ಮುಟ್ಟುವಾಗ ರಾಹುಕಾಲ ಮುಗಿದು ಎಷ್ಟೋ ಹೊತ್ತಾಗಿತ್ತು. ಮಾವನ ಮನೆಯ ಜಗಲಿಯ ಮೇಲೆ ರುದ್ರಪ್ಪನವರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಎತ್ತಿನ ಗಾಡಿ ಹನ್ನೆರಡಕ್ಕೆ ಮೊದಲೇ ಬಂದು, ವೀಳ್ಯ ಸಾಂಗವಾಗಿ ಮುಗಿದಿತ್ತು.

“ಬರ್ರಿ ಅಳಿಯಂದ್ರೆ,” ಎಂದರು. “ನೀವು ಬಿಟ್ಟು ಹೋಗಿದ್ದೇ ಪುಣ್ಯ. ನಿಮ್ಮ ಸಂಗಡ ಬಂದಿದ್ರೆ ನಾನಿನ್ನೂ ದಾರಿಯಾಗೇ ಇರ್ತಿದ್ದೆ.”

ಗೌರಮ್ಮ ಖಾಲಿ ಪಂಜರ ನೋಡಿದಳು, ನನ್ನನ್ನು ನೋಡಿದಳು. “ಎಲೆ ಎತ್ತೋದೈತೆ, ಬನ್ನಿ” ಎಂದಳು.

ಎತ್ತಿದೆ. ಅಂದಿನಿಂದ ಹಕ್ಕಿ ಸಾಕಿಲ್ಲ. ಒಂದು ಸಂಗತಿ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಆ ಕೊನೆಯ ಸೀಟಿ ಊದುವಾಗ ಶಾಮನ ಕೊಕ್ಕು ತೆರೆದದ್ದನ್ನು ನಾನು ಕಾಣಲಿಲ್ಲ. ಕಂಡಕ್ಟರ್ ಮಾತ್ರ ಬಾಗಿಲಲ್ಲಿ ನಿಂತು, ಬಸ್ಸು ಮರೆಯಾಗುವ ತನಕ ನನ್ನ ಕಡೆಗೆ ನಗುತ್ತಿದ್ದ.