ಲ್ಯಾವೆಂಡರ್ ಕೌದಿ

ತಿಪ್ಪೇರುದ್ರಪ್ಪನವರ ಸಂಕಟಕ್ಕೆಲ್ಲ ಕಾರಣ ಕಾಂಪೌಂಡ್ ಗೋಡೆ ಮೇಲಿನ ಒಂದು ಕುಂಡ. ಹೆಂಡತಿ ರೂಪಶ್ರೀ ಹಳೇ ಸೀರೆ ಜೋಡಿಸಿ ಕೌದಿ ಹೊಲಿಯುವವರು. ಬರೀ ಕೌದಿ ಎಂದರೆ ಮೂಸಿಯೂ ನೋಡದ ದಾವಣಗೆರೆ ಜನ, ಅದರ ಮೂಲೆಗೊಂದು ಲ್ಯಾವೆಂಡರ್ ಚೀಲ ಹೊಲಿದು ‘ಮನೆಯಲ್ಲೇ ಬೆಳೆದದ್ದು’ ಎಂದ ಕೂಡಲೇ ಮುಗಿಬಿದ್ದರು. ರಿಟೈರಾಗಿ ಆರಾಮವಾಗಿ ನಸ್ಯ ಏರಿಸಿಕೊಂಡು ಕೂರಬೇಕಿದ್ದ ಗಂಡನ ಕೈಗೂ ಸೂಜಿ ಬಂತು. ಪಾಪ, ಬೆರಳೆಲ್ಲ ತೂತು.

ಇವತ್ತು ಹರಿಹರದಲ್ಲಿ ಕರಕುಶಲ ಸ್ಪರ್ಧೆ. ಕೌದಿ ಹೊತ್ತು ಬಸ್ಸಿಗೆ ಹೊರಟ ರೂಪಶ್ರೀ ಹೇಳಿದರು: “ರೀ, ಗಿಡ ಚಿವುಟಿ ಈ ಚೀಲ ತುಂಬ್ಕೊಂಡು ಮಧ್ಯಾಹ್ನದೊಳಗೆ ಬರ್ರಿ. ಬಹುಮಾನ ಬಂತಂದ್ರೆ ನಾಳೆಯಿಂದ ನೀವು ಸೂಜಿ ಮುಟ್ಟೋದೇ ಬ್ಯಾಡ. ಆಳು ಇಡ್ತೀನಿ.”

ಬಿಡುಗಡೆಯ ಖುಷಿಯಲ್ಲಿ ಕುಂಡದ ಹತ್ತಿರ ಹೋಗಿ ಇಣುಕಿದರೆ, ಬರೀ ಮೋಟುಕಡ್ಡಿ! ಪಕ್ಕದ ಮನೆ ಸರ್ವಮಂಗಳಮ್ಮ, ಕಂಡವರ ಹೂವೇ ದೇವರಿಗೆ ಹೆಚ್ಚು ಪ್ರೀತಿ ಎಂದು ನಂಬಿದವರು. ಓಡಿಹೋಗಿ ನೋಡಿದರೆ ಇಡೀ ಗಿಡ ಅವರ ದೇವರಮನೆಯ ಲಿಂಗದ ನೆತ್ತಿ ಮೇಲೆ ನೆನೆದು ಕೂತಿತ್ತು.

“ಅಕ್ಕಾರೆ! ಅದು ಲ್ಯಾವೆಂಡರ್ರೀ! ಊಟಿಯಿಂದ ತರ್ಸಿದ್ದು!”

“ಇದಾ? ಲ್ಯಾವೆಂಡರ್ರಾ?” ಸರ್ವಮಂಗಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ವಾಪಸ್ ತಗೀಲೇನು?”

“ಅಯ್ಯೋ, ದೇವರಿಗೆ ಏರ್ಸಿದ್ದು ಹೆಂಗೆ ಮುಟ್ಟಲಿ? ಇವ್ಳಿಗೆ ಏನಂತ ಹೇಳ್ಲಿ?”

“ಹಿತ್ಲಾಗೆ ನಮ್ಮ ಮರುಗ ದಂಡಿಯಾಗೈತೆ. ನೋಡಾಕೆ ಥೇಟ್ ಇದರಂಗೇ. ತುಂಬ್ಕೊಂಡು ಹೋಗ್ರಿ, ನಾ ಬಾಯಿ ಬಿಡಲ್ಲ. ಆದ್ರೆ ನೀವೇ ಕೈಯಾರೆ ನನಗೊಂದು ಕೌದಿ ಹೊಲ್ದು ಕೊಡ್ಬೇಕು.”

“ಒಂದ್ಯಾಕ್ರಿ? ಮನೆಮಂದಿಗೆಲ್ಲ ಹೊಲ್ದು ಕೊಡ್ತೀನಿ!” ಎಂದವರೇ ಹಿತ್ತಲಿಗೆ ನುಗ್ಗಿದರು.

ಹರಿಹರದಲ್ಲಿ ತೀರ್ಪುಗಾರ್ತಿ ಮೇಡಂ ಕೌದಿಯ ಮೂಲೆಗೆ ಹೊಲಿದ ಚೀಲಕ್ಕೆ ಮೂಗು ಹುದುಗಿಸಿ ಕಣ್ಣು ಮುಚ್ಚಿದರು. ತಿಪ್ಪೇರುದ್ರಪ್ಪನವರು ಮೆಲ್ಲಗೆ ಹೆಂಡತಿಯ ಬೆನ್ನ ಹಿಂದೆ ಸರಿದರು.

“ಆಹಾ! ಫ್ರಾನ್ಸಿಗೆ ಹೋದಾಗ ಇದೇ ಪರಿಮಳ ನೋಡಿದ್ದೆ. ನಮ್ಮ ಮರುಗ, ದವನ ಎಲ್ಲ ಇದರ ಮುಂದೆ ಏನೂ ಅಲ್ಲ!” ಎಂದ ಮೇಡಂ ಮೊದಲ ಬಹುಮಾನ ರೂಪಶ್ರೀಯ ಕೈಗಿಟ್ಟರು.

ವಾಪಸ್ ಬಸ್ಸಿನಲ್ಲಿ ತಿಪ್ಪೇರುದ್ರಪ್ಪ ಗೆದ್ದ ಗತ್ತಿನಲ್ಲಿ ನಸ್ಯ ಏರಿಸುತ್ತಿದ್ದಾಗ ರೂಪಶ್ರೀ ಕಿವಿಯ ಹತ್ತಿರ ಬಾಗಿದರು.

“ಇನ್ನ ಹೇಳಬಹುದು ಬಿಡ್ರಿ. ಲ್ಯಾವೆಂಡರ್ ನಮ್ಮ ಬಿಸಿಲಿಗೆ ಬ್ಯಾಸಿಗ್ಯಾಗೇ ಸತ್ತೋತು. ಕುಂಡದಾಗಿದ್ದದ್ದು ಮರುಗ. ಸರ್ವಮಂಗಳಕ್ಕನೇ ಸಸಿ ಕೊಟ್ಟಿದ್ದು. ನಿಮಗೆ ಹೇಳಿದ್ರೆ ಹೋಟ್ಲಾಗೆ ಡಂಗುರ ಸಾರ್ತೀರಿ ಅಂತ ಸುಮ್ನಿದ್ದೆ. ನಸ್ಯದ ಮೂಗಿಗೆ ವಾಸನೆ ಎಲ್ಲಿ ತಿಳೀಬೇಕು?”

ತಿಪ್ಪೇರುದ್ರಪ್ಪನವರಿಗೆ ಸೀನು ಬಂದದ್ದು ಅಲ್ಲೇ ನಿಂತುಹೋಯಿತು.

ಮನೆ ಮುಟ್ಟಿದರೆ ಜಗಲಿ ಮೇಲೆ ಹಳೇ ಸೀರೆಗಳ ಗುಡ್ಡ. ಪಕ್ಕದಲ್ಲಿ ಸರ್ವಮಂಗಳಮ್ಮ.

“ಬರ್ರಿ ಬರ್ರಿ! ಮಕ್ಕಳು, ಸೊಸೆಯಂದ್ರು, ಮೊಮ್ಮಕ್ಕಳು, ಎಲ್ಲಾರದೂ ತಂದೀನಿ. ಮನೆಮಂದಿಗೆಲ್ಲ ಅಂದಿದ್ರಲ್ಲ?”

ವಿಷಯ ಕೇಳಿದ ರೂಪಶ್ರೀಗೆ ನಗು ತಡೆಯಲಾಗಲಿಲ್ಲ.

“ಆಳು... ಆಳು ಇಡ್ತೀನಿ ಅಂದಿದ್ಯಲ್ಲೇ?” ಗಂಡ ತೊದಲಿದರು.

“ಇಡ್ತೀನ್ರಿ. ಆದ್ರೆ ಇದು ನೀವು ಕೈಯಾರೆ ಹೊಲಿತೀನಿ ಅಂತ ಕೊಟ್ಟ ಮಾತು,” ಎನ್ನುತ್ತ ರೂಪಶ್ರೀ ಸೂಜಿಗೆ ದಾರ ಪೋಣಿಸಿ ಅವರ ಕೈಗಿಟ್ಟರು.