ಐದು ಮೀಟರಿನ ಸಂಸಾರ

ಕಾರುಗಳೆಲ್ಲ ಆಕಾಶದಲ್ಲಿ ತೇಲುತ್ತಿದ್ದವು! ಬೀದಿದೀಪದ ತುದಿಯಲ್ಲಿ ಕೂತಿದ್ದ ಕಾಗೆಯ ಸುತ್ತ ಹಸಿರು ಚೌಕಟ್ಟು; ಅದರ ನೆತ್ತಿಯ ಮೇಲೆ ‘ಪಾದಚಾರಿ’ ಎಂಬ ಬಿರುದು.

ಮೀಟಿಂಗ್ ಕೋಣೆಯಲ್ಲಿ ಪರದೆ ನೋಡುತ್ತಿದ್ದ ಹದಿನಾರು ತಲೆಗಳೂ ಒಟ್ಟಿಗೆ ಒಂದು ಪಕ್ಕಕ್ಕೆ ವಾಲಿದವು.

“ಸರ್, ನಮ್ಮ ಕಾರು ರಸ್ತೆ ಮೇಲೇ ಓಡೋದು ತಾನೆ?” ಎಂದಳು ಮ್ಯಾನೇಜರಮ್ಮ. ವಯಸ್ಸಿನಲ್ಲಿ ಇವರಿಗಿಂತ ಹದಿನೈದು ವರ್ಷ ಚಿಕ್ಕವಳು, ಅಧಿಕಾರದಲ್ಲಿ ಎರಡು ಮೆಟ್ಟಿಲು ಮೇಲಿನವಳು.

“ಒಂದ್ನಿಮಿಷ ಮೇಡಮ್!”

ಇವರ ಅಡ್ಡಹೆಸರೇ ‘ಒಂದ್ನಿಮಿಷ’. ಹಾಲು ಉಕ್ಕಲಿ, ನಲ್ಲಿ ಒಡೆಯಲಿ, ಹೆಂಡತಿಗೆ ಜ್ವರ ಏರಲಿ, ಇವರ ಬಾಯಿಂದ ಬೇರೆ ಮಾತು ಬಂದದ್ದನ್ನು ಕೇಳಿದವರಿಲ್ಲ. ಚಾಲಕನಿಲ್ಲದ ಕಾರಿಗೆ ಪಾಠ ಹೇಳಲೆಂದು, ತಲೆಯ ಮೇಲೆ ಸೆನ್ಸರ್ ಹೊತ್ತ ಕಚೇರಿಯ ಕಾರೊಂದು ಬೀದಿಬೀದಿ ಅಲೆದು ಕಂಡದ್ದನ್ನೆಲ್ಲ ತುಂಬಿಕೊಂಡು ಬಂದಿತ್ತು. ಆ ರಾಶಿಯನ್ನು ಬಿಚ್ಚಿ, ಕಂಡಕಂಡದ್ದಕ್ಕೆ ಚೌಕಟ್ಟು ಹಾಕಿ ತೋರಿಸುವ ಸಾಫ್ಟ್‌ವೇರ್ ಕೂರಿಸುವ ಕೆಲಸ ಬಂದಾಗ ಇವರೇ ಎದೆ ತಟ್ಟಿ ಎದ್ದು ನಿಂತಿದ್ದರು. “ಈ ಡೇಟಾಸೆಟ್ಟನ್ನ ಸೆಟ್ ಮಾಡೋದು ನನ್ನ ಎಡಗೈ ಕೆಲಸ!”

ಎಡಗೈಯಲ್ಲೇ ಮಾಡಿದ್ದರೆಂದು ಈಗ ಎಲ್ಲರಿಗೂ ನಂಬಿಕೆ ಬಂತು.

“ಸೋಮವಾರ ಹತ್ತು ಗಂಟೆಗೆ ಮತ್ತೆ ತೋರಿಸಿ. ಆಗದಿದ್ರೆ ಈ ಕೆಲಸಕ್ಕೆ ಬೇರೆಯವರು ಬರ್ತಾರೆ. ನಿಮ್ಮ ಕುರ್ಚಿಗೂ.”

ಶನಿವಾರವಿಡೀ ಮನೆಯಲ್ಲಿ ಕುರುಕ್ಷೇತ್ರ. ಸಾಫ್ಟ್‌ವೇರ್ ನಡೆಯಲು ಬೇಕಾದ ಕೋಡಿನ ಲೈಬ್ರರಿಗಳಲ್ಲಿ ಒಂದನ್ನು ಹೊಸದು ತಂದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಹಳೆಯದನ್ನು ಕರೆತಂದರೆ ಮೂರನೆಯದು ಮನೆ ಬಿಟ್ಟು ಹೋಗುತ್ತಿತ್ತು. ಓರಗಿತ್ತಿಯರೇ ವಾಸಿ! ಭಾನುವಾರ ಮಧ್ಯಾಹ್ನ ಸಂಧಾನ ಕುದುರಿತು. ಕಾರುಗಳು ನೆಲಕ್ಕಿಳಿದವು. ಕಾಗೆ ಕಾಗೆಯಾಯಿತು.

“ಏ, ಬಾರೇ ಇಲ್ಲಿ! ನೋಡು ನಿನ್ನ ಗಂಡನ ಪ್ರತಾಪ!”

ಹೆಂಡತಿ ಬಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸಿ ಒಂದೂ ತಪ್ಪದವಳು. ಪ್ರಯೋಗಕ್ಕೆಂದು ಕಚೇರಿಯವರು ಕೊಟ್ಟಿದ್ದು ಒಂದೇ ದೃಶ್ಯ: ಅಂಗಡಿ ಬೀದಿ, ನಲವತ್ತು ಸೆಕೆಂಡು. ಗುರುತು ಸಿಗಬಾರದೆಂದು ಮುಖಗಳನ್ನೆಲ್ಲ ಮಸುಕು ಮಾಡಿದ್ದರು.

“ಜೊತೆಯಲ್ಲಿ ನಡೆಯೋರ ಮಧ್ಯೆ ಸಾಫ್ಟ್‌ವೇರೇ ಹಳದಿ ಗೆರೆ ಎಳೆಯುತ್ತೆ ಕಣೇ. ಒಬ್ಬ ರಸ್ತೆಗೆ ಇಳಿದ್ರೆ ಇನ್ನೊಬ್ಬನೂ ಇಳೀತಾನೆ ಅಂತ ಕಾರಿಗೆ ಗೊತ್ತಾಗ್ಬೇಕಲ್ಲ!”

“ಅಲ್ಲೇನೋ ಕೈಗಾಡಿ ಅಂತ ಬರೆದಿದೆ. ಅದಕ್ಕೆ ಕಾಲಿದೆಯಲ್ರೀ.”

ಇವರು ಹಿಗ್ಗಿಸಿ ನೋಡಿದರು. ಹೆಂಗಸು! ಎರಡು ಕೈಗೆ ಎರಡು ಚೀಲ, ಕಂಕುಳಲ್ಲಿ ಕೆಂಪು ಬಕೆಟ್ಟು. ಹನ್ನೊಂದು ಮೀಟರ್ ಮುಂದೆ ಒಬ್ಬ ಗಂಡಸು, ಫೋನಿನಲ್ಲಿ ಮುಳುಗಿ ತೇಲುತ್ತಿದ್ದ. ತಲೆಯೆತ್ತದೆಯೇ ಒಮ್ಮೆ ಬೇಗ ಬಾ ಎಂದು ಹಿಂದಕ್ಕೆ ಕೈ ಬೀಸಿದ.

“ಥೂ, ಎಂಥ ಗಂಡನಪ್ಪಾ ಇವನು! ಸೆನ್ಸರ್‌ಗಿರೋ ಸೆನ್ಸೂ ಇಲ್ಲ. ಆ ಬಕೆಟ್ಟಾದ್ರೂ ಹಿಡ್ಕೋಬಾರ್ದಾ?”

“ಹಿಡ್ಕೊಳ್ಳಿ ಅಂತ ಕೇಳಿದ್ಲು.”

“ನಿನಗೆ ಹೇಗೆ ಗೊತ್ತು?”

“ಒಂದ್ನಿಮಿಷ ಅಂದ್ರು.”

ಇವರು ನಿಧಾನವಾಗಿ ತಲೆ ಬಗ್ಗಿಸಿ ಎದೆ ನೋಡಿಕೊಂಡರು. ಪರದೆಯ ಮೇಲಿದ್ದದ್ದು ಅದೇ ನೀಲಿ ಚೌಕುಳಿ ಅಂಗಿ. ಬಚ್ಚಲಲ್ಲಿ ಅದೇ ಕೆಂಪು ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು.

“ಈಗ್ಲೇ ಸರಿ ಮಾಡ್ತೀನಿ,” ಎಂದು ತಡವರಿಸಿದರು. ಕೈಗಾಡಿಯನ್ನು ಹೆಂಗಸಾಗಿಸಿದರು. ಇಬ್ಬರ ನಡುವೆ ಕೈಯಾರೆ ಗೆರೆ ಎಳೆದರು. ಗೆರೆ ಮಾಯ! ಸಾಫ್ಟ್‌ವೇರ್ ಕೆಂಪಕ್ಷರದಲ್ಲಿ ಹೇಳಿತು: ‘ಅಂತರ ಐದು ಮೀಟರ್ ಮೀರಿದೆ. ಜೊತೆಯವರಲ್ಲ.’

“ಬುದ್ಧಿ ಇಲ್ಲ ಇದಕ್ಕೆ!”

“ಅದನ್ಯಾಕೆ ಬೈತೀರಿ? ನಾನು ಹನ್ನೆರಡು ವರ್ಷ ತಗೊಂಡೆ. ಅದು ನಲವತ್ತು ಸೆಕೆಂಡಿಗೆ ಕಂಡುಹಿಡೀತು,” ಎಂದು ಹೆಂಡತಿ ಒಳಗೆ ಹೋದಳು.

ಇವರಿಗೆ ರೋಷ ಉಕ್ಕಿತು. ಸೆಟ್ಟಿಂಗಿಗೆ ಕೈಹಾಕಿ ಐದನ್ನು ಹನ್ನೆರಡು ಮಾಡಿದರು. ಹಳದಿ ಗೆರೆ ಮಿಂಚಿತು! ದಾಂಪತ್ಯ ಉಳಿಯಿತು! ಬೀದಿಯ ಉಳಿದ ಭಾಗ ನೋಡುವ ವ್ಯವಧಾನ ಯಾರಿಗಿತ್ತು?

ಸೋಮವಾರ ಹತ್ತಕ್ಕೆ ಅದನ್ನು ಹದಿನಾರು ಜನ ನೋಡಿದರು. ಹಣ್ಣಿನಂಗಡಿಯವನಿಗೂ ಪೊಲೀಸನಿಗೂ ಗೆರೆ, ಪೊಲೀಸನಿಗೂ ಬಸ್ಸಿಗೆ ಕಾದವರಿಗೂ ಗೆರೆ. ಇಡೀ ಬೀದಿಯೇ ಒಂದು ಅವಿಭಕ್ತ ಕುಟುಂಬ!

“ಸರ್, ಈ ನಾಯಿ ಯಾರ ಕಡೆಯವರು?” ಎಂದಳು ಮ್ಯಾನೇಜರಮ್ಮ. ಕೋಣೆ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ. “ಹನ್ನೆರಡು ಯಾರು ಹಾಕಿದ್ದು? ಐದು ಮಾಡಿ.”

ಮಾಡಿದರು. ಗೆರೆಗಳು ಪಟಪಟ ಕಡಿದುಬಿದ್ದವು. ಆ ಒಂದು ಗೆರೆಯೂ.

“ಈ ನೀಲಿ ಅಂಗಿ, ಹಿಂದೆ ಚೀಲದವರು. ಇವರು ಜೊತೆಯವರಾ? ಹೌದು ಅನ್ನೋದಾದ್ರೆ ನೀವು ಕೂರಿಸಿರೋ ಸಾಫ್ಟ್‌ವೇರ್ ತಪ್ಪು. ಯೋಚಿಸಿ ಹೇಳಿ.”

ಇವರ ಕೆಳಗೆ ಕುರ್ಚಿ ಕಿರುಗುಟ್ಟಿತು.

“ಅಲ್ಲ ಮೇಡಮ್. ಇಬ್ಬರಿಗೂ ಸಂಬಂಧ ಇಲ್ಲ.”

“ಹಾಗಾದ್ರೆ ಎಲ್ಲಾ ಸರಿಯಾಗಿದೆ!” ಚಪ್ಪಾಳೆ ಬಿತ್ತು. ಕುರ್ಚಿ ಉಳಿಯಿತು.

ಸಂಜೆ ಇವರು ಬಸ್ ನಿಲ್ದಾಣಕ್ಕೇ ಹೋಗಿ ಕಾದರು. ಹೆಂಡತಿ ಎರಡು ಚೀಲದೊಂದಿಗೆ ಇಳಿದಳು.

“ಕೊಡು, ನಾನು ಹಿಡ್ಕೊಳ್ತೀನಿ.”

“ಬೇಡಿ, ಅಭ್ಯಾಸ ಆಗಿದೆ. ಕೆಲಸ ಉಳೀತಾ?”

“ಉಳೀತು.”

“ಆ ಇಬ್ಬರನ್ನ ಏನಂದ್ರಿ?”

ಇವರು ಚಪ್ಪಲಿ ನೋಡಿಕೊಂಡರು. ಅವಳಿಗೆ ಅಷ್ಟೇ ಸಾಕಾಯಿತು, ನಡೆಯತೊಡಗಿದಳು. ಇವರು ಹಿಂದೆಯೇ ಓಡಿದರು.

“ಮೆಷಿನ್ ಮಾತು ಬಿಡೇ! ನಾವಿಬ್ಬರೂ ಜೊತೆಯವರೇ ಅಲ್ವಾ?”

ಹೆಂಡತಿ ಎರಡೂ ಚೀಲವನ್ನು ಒಂದೇ ಕೈಗೆ ಸೇರಿಸಿ, ಇನ್ನೊಂದರಲ್ಲಿ ಫೋನು ತೆಗೆದಳು. ತಲೆಯೆತ್ತದೆ, ನಡಿಗೆ ನಿಲ್ಲಿಸದೆ ಅಂದಳು:

“ಒಂದ್ನಿಮಿಷ.”